ಎರಡು ತ್ರಿಕೋನಗಳ ಬೆಟ್ಟ



ಚಿತ್ರ ಬರೆಯಿರೆಂದು ಹಾಳೆ ಕೊಟ್ಟರೆ ನಮ್ಮ ಮಕ್ಕಳು ಸಾಮಾನ್ಯವಾಗಿ ಬರೆಯುವುದು ಒಂದೇ ಚಿತ್ರ: ಎರಡು ತ್ರಿಕೋನಾಕಾರದ ಬೆಟ್ಟ, ನಡುವೆ ಉದಯಿಸುವ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲೊಂದು ತೆಂಗಿನ ಮರ. ಮಧುಗಿರಿಯಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದ ಕೊಠಡಿಯ ಕಿಟಕಿಯಿಂದ ಏಕಶಿಲಾ ಬೆಟ್ಟ ನೇರವಾಗಿ ಕಾಣುತ್ತಿತ್ತು. ಅದು ತ್ರಿಕೋನವಲ್ಲ. ಅದರ ಬರಿಯ ಬಂಡೆಯ ಮೈಮೇಲೆ ಮಳೆನೀರು ಇಳಿದ ಕಪ್ಪು ಪಟ್ಟೆಗಳಿವೆ, ಕೋಟೆಯ ಗೋಡೆಗಳಿವೆ. ಆದರೂ ಕಿಟಕಿಯ ಪಕ್ಕದಲ್ಲೇ ಕುಳಿತ ಹುಡುಗ ಬರೆದದ್ದು ತ್ರಿಕೋನವನ್ನೇ. ನೋಡಿ ಬರೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಮ್ಮೆ ನಮ್ಮ ಡ್ರಾಯಿಂಗ್ ಮೇಷ್ಟರ ಒತ್ತಾಯಕ್ಕೆ ಮಣಿದು ಮಕ್ಕಳನ್ನು ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಕರೆದೊಯ್ದೆವು. ಅಲ್ಲಿ ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ; ಊರವರು ಅವುಗಳನ್ನು ತಮ್ಮ ಮನೆಯ ಮಕ್ಕಳಂತೆ ಕಾಪಾಡುತ್ತಾರೆ. ಕೊಕ್ಕರೆಯ ಬಾಲ ಗುಲಾಬಿ ಬಣ್ಣದ್ದೆಂದು ನಾನು ವಿವರಿಸುತ್ತಿದ್ದೆ. ಅರ್ಧ ಗಂಟೆಯಿಂದ ತಲೆಯೆತ್ತಿ ತಲೆತಗ್ಗಿಸಿ ಬರೆಯುತ್ತಿದ್ದ ಹುಡುಗನೊಬ್ಬ ಮೆಲ್ಲಗೆ ಹೇಳಿದ: “ಸಾರ್, ಅದು ಬಾಲವಲ್ಲ. ರೆಕ್ಕೆ ಬಿಚ್ಚಿದಾಗ ನೋಡಿ, ಬಾಲ ಕಪ್ಪು. ಗುಲಾಬಿ ಗರಿ ರೆಕ್ಕೆಯದು.” ಅವನ ಮಾತೇ ನಿಜ. ಬಿ.ಎಡ್. ಪದವೀಧರನಾದ ನಾನು ವರ್ಷಗಟ್ಟಲೆ ಕಾಣದಿದ್ದುದನ್ನು ಅವನ ಪೆನ್ಸಿಲ್ ಕಂಡಿತ್ತು.

ದೊಡ್ಡಬಳ್ಳಾಪುರದ ಕಡೆಯವರಾದ ರುಮಾಲೆ ಚನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟಗಾರರು, ಚಿತ್ರಕಾರರು. ಹೂಬಿಟ್ಟ ಮರಗಳ ಎದುರಿಗೇ ನಿಂತು ಬರೆದವರು. ಅವರ ಚಿತ್ರಗಳನ್ನು ನೋಡಿ ಹೊರಬಂದವನಿಗೆ ಬೆಂಗಳೂರಿನ ರಸ್ತೆಬದಿಯ ಮರ ಬರಿಯ ನೆರಳಾಗಿ ಉಳಿಯುವುದಿಲ್ಲ. ಕಲೆ ಮಾಡುವ ಉಪಕಾರ ಇದೇ: ದಿನವೂ ಕಂಡು ಮರೆತದ್ದನ್ನು ಮತ್ತೆ ಕಾಣಿಸುತ್ತದೆ.

ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಲದೇ ಎಂದು ನೀವು ಕೇಳಬಹುದು. ಫೋಟೋ ಕ್ಷಣದ ಕೆಲಸ. ತೆಗೆದವನು ನೋಡಿಯೇ ಇರಬೇಕೆಂದಿಲ್ಲ. ಚಿತ್ರವಾದರೋ ನೋಡದೆ ಬರೆಯಲಾಗದು. ಹಾಗೆ ನೋಡಿದ ವಸ್ತು ಕಣ್ಮರೆಯಾದಾಗ ಮನಸ್ಸಿಗೆ ತಟ್ಟದೆ ಇರದು. ಪಾವಗಡದ ತಿರುಮಣಿಯ ಸುತ್ತ ಇಂದು ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹರಡಿವೆ. ವಿದ್ಯುತ್ತು ಬೇಕು, ನಾನು ವಿರೋಧಿಯಲ್ಲ. ಆದರೆ ಅದಕ್ಕೆ ಮೊದಲು ಆ ನೆಲ ಹೇಗಿತ್ತೆಂದು ಅಲ್ಲಿನ ಯಾವ ಮಗುವಾದರೂ ನೋಡಿ ಬರೆದಿಟ್ಟಿತ್ತೇ?

ಈಗ ನನ್ನ ತಪ್ಪೊಪ್ಪಿಗೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಹೆಸರಿನಲ್ಲಿ ಜನವರಿ ಬಂದೊಡನೆ ಚಿತ್ರಕಲೆಯ ಪಿರಿಯಡ್ಡುಗಳನ್ನು ಕಸಿದುಕೊಂಡವರಲ್ಲಿ ನಾನೂ ಒಬ್ಬ. ಡ್ರಾಯಿಂಗ್ ಮೇಷ್ಟರು ಒಮ್ಮೆಯೂ ಎದುರಾಡಲಿಲ್ಲ. ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ಸುಮ್ಮನೆ ಹೊರನಡೆಯುತ್ತಿದ್ದರು. ಜೀವಜಾಲದ ಪಾಠವನ್ನು ಉರು ಹೊಡೆಸಲು ನಾನು ಕಿತ್ತುಕೊಂಡದ್ದು ಜೀವಜಾಲವನ್ನು ನೋಡುವ ಗಳಿಗೆಯನ್ನೇ ಎಂಬುದು ನಿವೃತ್ತಿಯ ನಂತರವಷ್ಟೇ ಹೊಳೆಯಿತು.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ತಂದೆತಾಯಿಯರು. ಆ ಪಿರಿಯಡ್ಡನ್ನು ದಯವಿಟ್ಟು ಯಾರಿಗೂ ಬಿಟ್ಟುಕೊಡಬೇಡಿ. ಊರಿಗೆ ಬಂದಾಗ ಮಕ್ಕಳನ್ನು ನಮ್ಮ ಬೆಟ್ಟದ ಬುಡಕ್ಕೋ ಕೊರಟಗೆರೆಯ ಸಿದ್ಧರಬೆಟ್ಟಕ್ಕೋ ಕರೆದೊಯ್ಯಿರಿ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಚಿತ್ರ ಚೆನ್ನಾಗಿರಬೇಕಿಲ್ಲ. ಬೆಟ್ಟ ತ್ರಿಕೋನವಾಗದಿದ್ದರೆ ಅಷ್ಟೇ ನನಗೆ ಸಂತೋಷ.