ಕಣ್ಣಾರೆ ಕಂಡ ನಕ್ಷತ್ರ

ಆರ್ದ್ರಾ ಮಳೆಯನ್ನು ಅರಿಯದ ಕೃಷಿಕನು ನಮ್ಮ ನಾಡಿನಲ್ಲಿ ವಿರಳ. ಆದರೆ ಆರ್ದ್ರಾ ನಕ್ಷತ್ರವನ್ನು ಬೆರಳಿಟ್ಟು ತೋರಿಸಬಲ್ಲ ವಿದ್ಯಾವಂತರು ಎಷ್ಟು ಮಂದಿ? ಜೂನ್ ತಿಂಗಳ ಕೊನೆಯಲ್ಲಿ ಸೂರ್ಯನು ಆ ನಕ್ಷತ್ರದ ದಿಕ್ಕಿನಲ್ಲಿರುವುದರಿಂದಲೇ ಮಳೆಗೆ ಆ ಹೆಸರು; ಅದೇ ಕಾರಣದಿಂದ ಆಗ ಅದು ಕಣ್ಣಿಗೆ ಬೀಳದು. ಜನವರಿಯ ಮುಸ್ಸಂಜೆ ಕಳೆದ ಮೇಲೆ ಪೂರ್ವದಲ್ಲಿ ಕೆಂಪಗೆ ಬೆಳಗುವುದೇ ಆರ್ದ್ರೆ. ಪಂಚಾಂಗದಲ್ಲಿ ಓದಿದುದನ್ನು ಬಾನಿನಲ್ಲಿ ಕಾಣಲಾರದ ಈ ಕೊರತೆಯನ್ನು ನಮ್ಮ ಶಾಲೆಯು ನೀಗಿಸಬೇಕೆಂಬುದು ಈ ಹಳೆಯ ವಿದ್ಯಾರ್ಥಿಯ ಬಿನ್ನಹ.

ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಣ ಕಾವಲೂರಿನ ವೀಕ್ಷಣಾಲಯವನ್ನು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ನಡೆಸುತ್ತಿದೆ. ಆ ಸ್ಥಳವನ್ನು ಆರಿಸಿದವರು ಡಾ. ವೈನು ಬಾಪು. 1977ರಲ್ಲಿ ಯುರೇನಸ್ಸಿನ ಉಂಗುರಗಳು ಬೆಳಕಿಗೆ ಬಂದಾಗ ಅಲ್ಲಿಯ ಒಂದು ಮೀಟರಿನ ದೂರದರ್ಶಕವೂ ಸಾಕ್ಷಿಯಾಗಿತ್ತು. ನಮ್ಮ ದೇಶದಲ್ಲಿಯೇ ನಿರ್ಮಾಣಗೊಂಡ 2.34 ಮೀಟರ್ ವ್ಯಾಸದ ದೂರದರ್ಶಕವು 1986ರಲ್ಲಿ ಬಾಪು ಅವರ ಹೆಸರಿನಲ್ಲಿಯೇ ಲೋಕಾರ್ಪಣೆಗೊಂಡಿತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಯಾವ ಪ್ರವಾಸಕ್ಕೂ ಕಡಮೆಯಲ್ಲ.

ಆದರೆ ಹೋದವರಿಗೆ ಅಲ್ಲೊಂದು ಅಚ್ಚರಿ ಕಾದಿರುತ್ತದೆ. ಆ ಮಹಾದೂರದರ್ಶಕಕ್ಕೆ ಯಾರೂ ಕಣ್ಣು ಹಚ್ಚುವುದಿಲ್ಲ. ಅದು ಸೆರೆಹಿಡಿದ ಬೆಳಕು ನೇರವಾಗಿ ಉಪಕರಣಗಳನ್ನು ಸೇರುತ್ತದೆ. ಜನಸಾಮಾನ್ಯರಿಗೆ ಬಾನನ್ನು ತೋರಿಸುವುದು ಚಿಕ್ಕ ದೂರದರ್ಶಕ. ಕೆಲವರು ಇದರಿಂದ ನಿರಾಶರಾಗಬಹುದು. ನನಗೆ ಅದರಲ್ಲಿಯೇ ಪಾಠ ಕಾಣುತ್ತದೆ. 1610ರಲ್ಲಿ ಗೆಲಿಲಿಯೊ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡದ್ದು ಅದಕ್ಕಿಂತಲೂ ಸಾಧಾರಣವಾದ ಕೊಳವೆಯಿಂದ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವು ಇಂಥ ಉಪಕರಣಗಳಿಂದಲೇ ಜನರಿಗೆ ಆಕಾಶವನ್ನು ಪರಿಚಯಿಸುತ್ತ ಬಂದಿದೆ.

ಇದಕ್ಕಿಂತ ಸ್ಪಷ್ಟವಾದ ಚಿತ್ರಗಳು ಕೈಯಲ್ಲಿನ ಮೊಬೈಲಿನಲ್ಲಿಯೇ ದೊರೆಯುತ್ತವೆಯಲ್ಲ ಎಂದು ಕೆಲವರು ಕೇಳಿಯಾರು. ನಿಜ. ಆದರೆ ಚಿತ್ರವು ಇನ್ನೊಬ್ಬರು ಕಂಡದ್ದು. ಶನಿಯ ಬಳೆಯನ್ನು ತಾನೇ ಕಂಡ ಬಾಲಕನು ಮರುದಿನ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಹುಟ್ಟಿದಲ್ಲಿ ವಿದ್ಯೆ ಮೊದಲಾಗುತ್ತದೆ.

ಕುದುರೆಮುಖದ ಹಾದಿಯಲ್ಲಿರುವ ನಮ್ಮ ಬಜಗೋಳಿಯಲ್ಲಿ ಮಳೆಗಾಲವಿಡೀ ಬಾನು ಮುಚ್ಚಿರುತ್ತದೆ. ದೀಪಾವಳಿ ಕಳೆದರೆ ತೊಳೆದಿಟ್ಟಂತೆ ತೆರೆದುಕೊಳ್ಳುತ್ತದೆ. ಪೂರ್ವಕ್ಕೆ ಘಟ್ಟದ ಸಾಲು ಅಡ್ಡವಾಗಿರುವುದರಿಂದ ನಕ್ಷತ್ರಗಳು ತುಸು ತಡವಾಗಿ ತಲೆಯೆತ್ತುತ್ತವೆ, ಅಷ್ಟೆ. ಆದರೆ ಊರೂರಿನಲ್ಲಿ ರಾತ್ರಿಯಿಡೀ ಉರಿಯುವ ದೀಪಗಳು ಹೆಚ್ಚಿದಂತೆಲ್ಲ ಮಂದ ನಕ್ಷತ್ರಗಳು ಒಂದೊಂದಾಗಿ ಮರೆಯಾಗುತ್ತಿವೆ. ಕಟ್ಟಡ ಕುಸಿದರೆ ಮತ್ತೆ ಕಟ್ಟಬಹುದು; ಕತ್ತಲನ್ನು ಕಳೆದುಕೊಂಡ ಊರಿಗೆ ಅದನ್ನು ದಾನ ಕೊಡುವವರಾರು?

ಆದುದರಿಂದ ದಾನಿಗಳಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಕೊಠಡಿಗಳಿಗೆ ನೀಡುವ ನೆರವಿನೊಡನೆ ಶಾಲೆಗೊಂದು ದೂರದರ್ಶಕವನ್ನೂ ನೀಡಿರಿ. ಅಧ್ಯಾಪಕ ಬಂಧುಗಳು ತಿಂಗಳಿಗೊಂದು ರಾತ್ರಿ ಅಂಗಳದ ದೀಪಗಳನ್ನು ಆರಿಸಿ ಮಕ್ಕಳನ್ನು ಬಾನಿನ ಕೆಳಗೆ ನಿಲ್ಲಿಸಲಿ. ಅದಕ್ಕೆ ಹಣವೂ ಬೇಡ.