ಸ್ಕ್ಯಾನ್‌ಗೆ ಕಾಣದ ಪೆಟ್ಟು, ರಕ್ತದಲ್ಲಿ ಉಳಿಯುವ ಗುರುತು

ಒಂದು ಹಲ್ಲು ಮುರಿದರೂ ನಮ್ಮ ಕಾನೂನಿನ ದೃಷ್ಟಿಯಲ್ಲಿ ಅದು ತೀವ್ರ ಗಾಯ. ಭಾರತೀಯ ದಂಡ ಸಂಹಿತೆಯ 320ನೇ ಕಲಂ ಹಾಗೆ ಹೇಳುತ್ತಿತ್ತು. 2024ರ ಜುಲೈನಲ್ಲಿ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಕೂಡ ಹಾಗೆಯೇ ಹೇಳುತ್ತದೆ. ಆದರೆ ದ್ವಿಚಕ್ರ ವಾಹನದಿಂದ ಬಿದ್ದು ತಲೆಗೆ ಪೆಟ್ಟಾಗಿ, ಮೂರು ತಿಂಗಳ ನಂತರವೂ ತನ್ನ ಅಂಗಡಿಯ ಲೆಕ್ಕ ಕೂಡಿಸಲಾಗದೆ, ಮನೆಯವರ ಮೇಲೆ ವಿನಾಕಾರಣ ರೇಗುತ್ತ, ಬೆಳಕು ಕಂಡರೆ ತಲೆನೋವೆಂದು ಕತ್ತಲೆಯಲ್ಲಿ ಕೂರುವ ಮನುಷ್ಯನ ಗಾಯ ಯಾವ ವರ್ಗಕ್ಕೆ ಸೇರಬೇಕು? ಮೂಳೆ ಮುರಿದಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ. ಹದಿನೈದು ದಿನ ತೀವ್ರ ನೋವಿನಿಂದ ನರಳಿದೆ ಅಥವಾ ನಿತ್ಯದ ಕೆಲಸ ಮಾಡಲಾಗಲಿಲ್ಲ ಎಂಬುದನ್ನು ಅವನೇ ರುಜುವಾತುಪಡಿಸಬೇಕು. ಹಲ್ಲು ಕಳೆದುಕೊಂಡವನಿಗೆ ಇಲ್ಲದ ಹೊರೆ ನೆನಪು ಕಳೆದುಕೊಂಡವನ ಮೇಲಿದೆ.

ಆಡಳಿತ ಸೇವೆಯಲ್ಲಿದ್ದ ವರ್ಷಗಳಲ್ಲಿ ಇಂಥವರ ಅರ್ಜಿಗಳನ್ನು ಸಾಕಷ್ಟು ಓದಿದ್ದೇನೆ. ‘ಸ್ಕ್ಯಾನ್ ನಾರ್ಮಲ್’ ಎಂಬ ಎರಡು ಪದಗಳು ಬಂದಲ್ಲಿಗೆ ಕಡತದ ಕಥೆ ಮುಗಿಯುತ್ತಿತ್ತು. ದೇಹದ ಅಂಗವೈಕಲ್ಯದ ಶೇಕಡಾವಾರನ್ನು ಯಾಂತ್ರಿಕವಾಗಿ ಅನ್ವಯಿಸದೆ, ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿಯೇ ಹೇಳಿತು. ಆದರೆ ನ್ಯಾಯಮಂಡಳಿಗೆ ಸಾಕ್ಷ್ಯ ಬೇಕು. ಯಂತ್ರವೇ ಏನೂ ಇಲ್ಲವೆಂದಾಗ ಸಾಕ್ಷ್ಯ ತರುವುದೆಲ್ಲಿಂದ? ಅರ್ಥಶಾಸ್ತ್ರ ಓದಿ ಕಡತ ನೋಡಿಕೊಂಡಿದ್ದ ನನಗೆ ಜೀವಕೋಶಗಳ ಸಂಶೋಧನೆಯಲ್ಲಿ ಆಸಕ್ತಿ ಹುಟ್ಟಿದ್ದು ಈ ಪ್ರಶ್ನೆಯಿಂದ.

ಸಿ.ಟಿ. ಸ್ಕ್ಯಾನ್ ಕಾಣುವುದು ಮುಖ್ಯವಾಗಿ ಮೂಳೆಯನ್ನು, ರಕ್ತಸ್ರಾವವನ್ನು, ಬಾವನ್ನು. ಪೆಟ್ಟಿನ ರಭಸಕ್ಕೆ ಹಿಗ್ಗಿ ಹರಿದ ನರತಂತುಗಳು ಅದಕ್ಕೆ ಕಾಣವು. ಮೇಲಾಗಿ ಮಿದುಳಿನ ಗಾಯವೆಂಬುದು ಒಂದು ಕ್ಷಣದ ಘಟನೆಯಲ್ಲ. ಮೊದಲ ಆಘಾತದ ನಂತರ ಗಂಟೆಗಳ, ದಿನಗಳ, ಕೆಲವೊಮ್ಮೆ ತಿಂಗಳುಗಳ ಕಾಲ ಉರಿಯೂತ ಮುಂದುವರಿದು ಎರಡನೆಯ ಸುತ್ತಿನ ಹಾನಿ ನಡೆಯುತ್ತದೆ. ಈ ಎರಡನೆಯ ಸುತ್ತಿನಲ್ಲಿ ಕೆಲಸ ಮಾಡುವವುಗಳಲ್ಲಿ, ಜೀವಕೋಶಗಳು ಹೊರಗೆ ಚೆಲ್ಲುವ ಅತಿಸೂಕ್ಷ್ಮ ಕಿರುಚೀಲಗಳೂ ಸೇರಿವೆ ಎಂಬುದು ಈಚಿನ ವರ್ಷಗಳ ತಿಳಿವು. ವಿಜ್ಞಾನಿಗಳು ಇವನ್ನು ‘ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್’ಗಳೆನ್ನುತ್ತಾರೆ. ಇವುಗಳಲ್ಲಿ ಒಂದು ಬಗೆಯಾದ ‘ಎಕ್ಸೊಸೋಮ್’ನ ಗಾತ್ರ ಸುಮಾರು 30ರಿಂದ 150 ನ್ಯಾನೊಮೀಟರ್, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಎನ್ನಬಹುದು.

ಇವುಗಳ ಕಥೆಯೂ ಕಡತದ ಮೂಲೆಯಲ್ಲಿ ಬಿದ್ದ ಅರ್ಜಿಯ ಕಥೆಯೇ. 1967ರಲ್ಲಿ ಪೀಟರ್ ವುಲ್ಫ್ ರಕ್ತದಲ್ಲಿ ಇಂಥ ಕಣಗಳನ್ನು ಕಂಡು, ಕಿರುಬಿಲ್ಲೆಗಳ ಧೂಳು ಎಂದು ಕರೆದರು. 1983ರಲ್ಲಿ ಕೆನಡಾದ ರೋಸ್ ಜಾನ್‌ಸ್ಟೋನ್ ಅವರ ತಂಡವೂ ಅಮೆರಿಕದ ಫಿಲಿಪ್ ಸ್ಟಾಲ್ ಅವರ ತಂಡವೂ, ಬೆಳೆಯುತ್ತಿರುವ ಕೆಂಪು ರಕ್ತಕಣಗಳು ತಮಗೆ ಬೇಡವಾದ ಪ್ರೋಟೀನನ್ನು ಪುಟ್ಟ ಚೀಲಗಳಲ್ಲಿ ಕಟ್ಟಿ ಹೊರಹಾಕುವುದನ್ನು ಪ್ರತ್ಯೇಕವಾಗಿ ಗುರುತಿಸಿದವು. ಬಹುಕಾಲ ಇವು ಜೀವಕೋಶದ ಕಸದ ಬುಟ್ಟಿಗಳೆಂದೇ ಬಹುತೇಕರು ನಂಬಿದ್ದರು. 2007ರಲ್ಲಿ ಸ್ವೀಡನ್ನಿನ ಯಾನ್ ಲೋಟ್‌ವಾಲ್ ತಂಡ ಈ ಚೀಲಗಳೊಳಗೆ ಆರ್‌ಎನ್‌ಎ ಇರುವುದನ್ನೂ, ಅದು ಇನ್ನೊಂದು ಕೋಶಕ್ಕೆ ತಲುಪಿ ಅಲ್ಲಿ ಕೆಲಸ ಮಾಡಬಲ್ಲದೆಂಬುದನ್ನೂ ತೋರಿಸಿತು. ಕಸವೆಂದುಕೊಂಡದ್ದು ಅಂಚೆಯಾಗಿತ್ತು.

ತಲೆಗೆ ಪೆಟ್ಟು ಬಿದ್ದಾಗ ಈ ಅಂಚೆ ಒಳ್ಳೆಯ ಸುದ್ದಿಯನ್ನೂ ಕೆಟ್ಟ ಸುದ್ದಿಯನ್ನೂ ಒಯ್ಯುತ್ತದೆ. ಗಾಯಗೊಂಡ ಮಿದುಳಿನ ಕೋಶಗಳು ಬಿಡುಗಡೆ ಮಾಡುವ ಕಿರುಚೀಲಗಳು ಉರಿಯೂತದ ಸಂದೇಶವನ್ನು ಪಕ್ಕದ ಕೋಶಗಳಿಗೆ ಹಬ್ಬಿಸಬಲ್ಲವು. ಮಿದುಳನ್ನು ರಕ್ತದಿಂದ ಬೇರ್ಪಡಿಸುವ ತಡೆಯನ್ನು ದಾಟಿ ದೇಹದ ಉಳಿದ ಭಾಗಗಳಿಗೂ ಹೋಗಬಲ್ಲವು. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಿದುಳಿನಿಂದ ಹೊರಟ ಇಂಥ ಕಣಗಳನ್ನು ಗಾಯವೇ ಆಗದ ಇಲಿಗಳ ರಕ್ತಕ್ಕೆ ಸೇರಿಸಲಾಯಿತು. ಆ ಇಲಿಗಳ ರಕ್ತ ಮೊದಲು ಅತಿಯಾಗಿ ಹೆಪ್ಪುಗಟ್ಟಿತು; ಹೆಪ್ಪುಗಟ್ಟಿಸುವ ಅಂಶಗಳೆಲ್ಲ ಖರ್ಚಾದ ಮೇಲೆ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಂಡಿತು. ತಲೆಗೆ ಮಾತ್ರ ಪೆಟ್ಟಾದ ರೋಗಿಯ ರಕ್ತದ ಸಮತೋಲನ ಇಡಿಯಾಗಿ ಏಕೆ ಕೆಡುತ್ತದೆ ಎಂಬ ಹಳೆಯ ಒಗಟಿಗೆ ಇದೊಂದು ಉತ್ತರ. ಅದೇ ವರ್ಷ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ಇನ್ನೊಂದು ಮುಖವನ್ನು ತೋರಿಸಿದರು: ಕಾಂಡಕೋಶಗಳಿಂದ ಪಡೆದ ಎಕ್ಸೊಸೋಮ್‌ಗಳನ್ನು ಗಾಯವಾದ ಮರುದಿನ ನೀಡಿದಾಗ ಇಲಿಗಳು ಹೆಚ್ಚು ಚೇತರಿಸಿಕೊಂಡವು.

ನನಗೆ ಹೆಚ್ಚು ಮುಖ್ಯವೆನಿಸುವುದು ಸಾಕ್ಷ್ಯದ ಪ್ರಶ್ನೆ. ಕಿರುಚೀಲದ ಪೊರೆ ಒಳಗಿನ ಸರಕನ್ನು ಕಾಪಾಡುತ್ತದೆ. ಹೊರಮೈಯಲ್ಲಿ ಅದು ಹೊರಟ ಕೋಶದ ಗುರುತು ಇರುತ್ತದೆ. ಅಂದರೆ ತೋಳಿನಿಂದ ತೆಗೆದ ರಕ್ತದಲ್ಲಿ ಮಿದುಳಿನ ಮೊಹರು ಹೊತ್ತ ಲಕೋಟೆ ಸಿಗಬಹುದು. ಅಮೆರಿಕದ ಸೈನಿಕರ ಅಧ್ಯಯನಗಳಲ್ಲಿ, ಹಳೆಯ ತಲೆಪೆಟ್ಟಿನ ಲಕ್ಷಣಗಳಿಂದ ಬಳಲುತ್ತಿದ್ದವರ ಕಿರುಚೀಲಗಳಲ್ಲಿ ‘ಟಾವ್’ ಎಂಬ ಪ್ರೋಟೀನ್ ಹೆಚ್ಚಿರುವುದು ಕಂಡುಬಂದಿದೆ. ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ತಲೆಪೆಟ್ಟಿನ ರಕ್ತಪರೀಕ್ಷೆಯೊಂದಕ್ಕೆ ಒಪ್ಪಿಗೆ ನೀಡಿರುವುದು ನಿಜ. ಆದರೆ ಅದು ರಕ್ತದಲ್ಲಿ ಬಿಡಿಯಾಗಿರುವ ಎರಡು ಪ್ರೋಟೀನುಗಳನ್ನು ಅಳೆಯುವಂಥದ್ದು. ಪೆಟ್ಟಾದ ಹನ್ನೆರಡು ಗಂಟೆಯೊಳಗೆ, ಯಾರಿಗೆ ಸ್ಕ್ಯಾನ್ ಅಗತ್ಯವಿಲ್ಲ ಎಂದು ತೀರ್ಮಾನಿಸುವುದಕ್ಕೆ ಸೀಮಿತವಾದದ್ದು. ಮೂರು ತಿಂಗಳ ನಂತರ ಅಂಗಡಿಯಲ್ಲಿ ತಲೆ ಹಿಡಿದು ಕೂತವನಿಗೆ ಅದರಿಂದ ಉಪಯೋಗವಿಲ್ಲ.

ಉತ್ಸಾಹಕ್ಕೆ ಕಡಿವಾಣವೂ ಬೇಕು. ನರಕೋಶದ ಚೀಲಗಳನ್ನು ಹಿಡಿಯಲು ಬಹುಕಾಲ ಬಳಸಿದ ಎಲ್1ಸಿಎಎಂ ಎಂಬ ಗುರುತು, ಮಾನವರ ರಕ್ತದಲ್ಲಿ ಚೀಲಗಳಿಗೆ ಅಂಟಿಕೊಂಡೇ ಇಲ್ಲ, ಬಿಡಿಯಾಗಿ ತೇಲುತ್ತಿದೆ ಎಂದು 2021ರ ಒಂದು ಅಧ್ಯಯನ ವಾದಿಸಿತು. ಹಾಗಿದ್ದಲ್ಲಿ ಹಲವು ಫಲಿತಾಂಶಗಳನ್ನು ಮರುಪರಿಶೀಲಿಸಬೇಕಾಗುತ್ತದೆ. ವಿಜ್ಞಾನ ಹೀಗೆ ತನ್ನನ್ನೇ ಜಗ್ಗಾಡಿಕೊಳ್ಳುತ್ತಿರುವಾಗ ಮಾರುಕಟ್ಟೆಗೆ ಮಾತ್ರ ಸಂಶಯವೇ ಇಲ್ಲ. ಎಕ್ಸೊಸೋಮ್ ಹೆಸರಿನಲ್ಲಿ ಕೂದಲು, ಚರ್ಮ, ಕೀಲುಗಳಿಗೆ ಚಿಕಿತ್ಸೆ ಕೊಡುವುದಾಗಿ ಜಾಹೀರಾತುಗಳು ಬರುತ್ತಿವೆ. ಮಿದುಳಿಗೂ ಬರಲು ತಡವಾಗದು. ನೆಬ್ರಾಸ್ಕಾದಲ್ಲಿ ಇಂಥ ಉತ್ಪನ್ನ ಪಡೆದ ರೋಗಿಗಳಿಗೆ ಗಂಭೀರ ತೊಂದರೆಗಳಾದ ಬಳಿಕ ಅಮೆರಿಕದ ನಿಯಂತ್ರಕರು 2019ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಬೇಕಾಯಿತು. ಹತಾಶ ಕುಟುಂಬವೊಂದು ಹೊಲ ಮಾರಿ ಇಲಿಯ ಪ್ರಯೋಗದ ಫಲಿತಾಂಶವನ್ನು ಕೊಳ್ಳುವ ಸ್ಥಿತಿ ಇಲ್ಲಿ ಬರುವ ಮೊದಲೇ ನಮ್ಮ ಔಷಧ ನಿಯಂತ್ರಕರು ಮಾತನಾಡಬೇಕು.

ಇನ್ನು ಹಣದ ಮಾತು. ಈ ಸಂಶೋಧನೆಯ ರಕ್ತ ಬಹುಪಾಲು ಪಾಶ್ಚಾತ್ಯ ಸೈನಿಕರದು, ಕ್ರೀಡಾಪಟುಗಳದು. ನಮ್ಮ ಗಾಯಾಳು ಬೇರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, 4,43,366 ಮಂದಿ ಗಾಯಗೊಂಡರು. ಸತ್ತವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದಿದ್ದವರು. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಹೆಲ್ಮೆಟ್ಟಿನಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ, ಅದನ್ನು ಯಾವ ಕಿರುಚೀಲವೂ ಬದಲಿಸಲಾರದು. ಬದುಕುಳಿದವರಿಗಾಗಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆ ಒಂದೂವರೆ ಲಕ್ಷ ರೂಪಾಯಿಯವರೆಗೆ, ಅಪಘಾತದ ದಿನದಿಂದ ಏಳು ದಿನಗಳ ವೆಚ್ಚ ಭರಿಸುತ್ತದೆ. ಸ್ವಾಗತಾರ್ಹವೇ. ಆದರೆ ಮಿದುಳಿನ ನಿಜವಾದ ಬಿಲ್ಲು ಎಷ್ಟೋ ಬಾರಿ ಎಂಟನೆಯ ದಿನದಿಂದ ಶುರುವಾಗುತ್ತದೆ: ಹೋದ ಕೆಲಸ, ಶಾಲೆ ಬಿಟ್ಟ ಮಗ, ಗಂಡನನ್ನು ಕಾಯಲೆಂದು ಕೂಲಿ ಬಿಟ್ಟ ಹೆಂಡತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲೂ ಮಿದುಳಿನ ಪೆಟ್ಟಿಗೆ ಪ್ರತ್ಯೇಕ ಹೆಸರಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳೂ ಜಿಲ್ಲಾ ಆಸ್ಪತ್ರೆಗಳೂ ಕೂಡಿ ಮಾಡಬಹುದಾದ ಕೆಲಸವೊಂದಿದೆ, ಅದು ದುಬಾರಿಯದೇನಲ್ಲ. ತಲೆಪೆಟ್ಟಿನ ಪ್ರತಿ ರೋಗಿಯ ಒಪ್ಪಿಗೆ ಪಡೆದು, ಪೆಟ್ಟಾದ ಗಂಟೆಯನ್ನು ಸರಿಯಾಗಿ ದಾಖಲಿಸಿ, ಸ್ವಲ್ಪ ರಕ್ತವನ್ನು ಶೈತ್ಯದಲ್ಲಿ ಕಾಪಿಡುವುದು. ಮೂರನೆಯ ಮತ್ತು ಆರನೆಯ ತಿಂಗಳು ಅದೇ ರೋಗಿಯನ್ನು ಕರೆಸಿ ನೆನಪು, ನಿದ್ರೆ, ದುಡಿಮೆಗಳ ಬಗ್ಗೆ ಕೇಳುವುದು. ಕಿರುಚೀಲಗಳನ್ನು ಓದುವ ವಿಧಾನ ಪಕ್ವವಾದಾಗ ಓದಲು ನಮ್ಮದೇ ರಕ್ತ ಇರುತ್ತದೆ. ಅಲ್ಲಿಯವರೆಗೆ, ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ ‘ಸ್ಕ್ಯಾನ್ ನಾರ್ಮಲ್’ ಎಂಬುದರ ಕೆಳಗೆ ಮರುತಪಾಸಣೆಯ ದಿನಾಂಕಕ್ಕೆ ಒಂದು ಸಾಲು ಸೇರಿಸಲು ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.