ತೂತು ಸಣ್ಣದಿರುವಾಗಲೇ ರಫು ಹಾಕಿ

ಶಾಲೆ ತೆರೆದು ಮೂರು ತಿಂಗಳೂ ಆಗಿರುವುದಿಲ್ಲ, ಮಗ ಮೊಣಕಾಲಿನ ಬಳಿ ತೂತಾದ ಪ್ಯಾಂಟಿನೊಂದಿಗೆ ಮನೆಗೆ ಬರುತ್ತಾನೆ. ಬಸ್ಸಿನಿಂದ ಇಳಿಯುವಾಗ ಮೊಳೆಗೆ ಸಿಕ್ಕಿ ನಿಮ್ಮ ಬುರ್ಖಾ ಹರಿದಿರುತ್ತದೆ. ಹೊಸತು ಕೊಳ್ಳೋಣವೆಂದರೆ ತಿಂಗಳ ಕೊನೆ. ಹರಿದದ್ದನ್ನೇ ತೊಡಿಸಿ ಕಳುಹಿಸೋಣವೆಂದರೆ ಮಕ್ಕಳಿಗೆ ಗೆಳೆಯರೆದುರು ಮುಜುಗರ. ಕೊನೆಗೆ ಒಳ್ಳೆಯ ಬಟ್ಟೆಯೊಂದು ನೆಲ ಒರೆಸುವ ಬಟ್ಟೆಯಾಗುತ್ತದೆ.

ಸಹೋದರಿಯರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ಹೊಲಿಗೆ ಯಂತ್ರವಿದೆ. ಚೂಡಿದಾರ್, ದಿಂಬಿನ ಕವರ್ ಹೊಲಿಯುವ ಅದೇ ಯಂತ್ರದಲ್ಲಿ ರಫು ಕೂಡಾ ಹಾಕಬಹುದು. ಉತ್ತರ ಪ್ರದೇಶದ ನಜೀಬಾಬಾದ್‌ನ ರಫೂಗರರು ಕಾಶ್ಮೀರಿ ಶಾಲಿನ ತೂತನ್ನು ಗುರುತೇ ಸಿಗದಂತೆ ಕೈಯಿಂದ ತುಂಬಿಸುವುದರಲ್ಲಿ ಹೆಸರುವಾಸಿ. ಯಂತ್ರದ ರಫು ಅಷ್ಟು ನಾಜೂಕಲ್ಲ, ಹತ್ತಿರದಿಂದ ನೋಡಿದರೆ ಕಾಣುತ್ತದೆ. ಆದರೆ ಗಟ್ಟಿಯಾಗಿರುತ್ತದೆ. ಸಮವಸ್ತ್ರ, ಜೀನ್ಸ್, ಬೆಡ್‌ಶೀಟ್‌ಗಳಿಗೆ ಬೇಕಾದುದು ಅದೇ.

ತೂತು ಕಂಡ ಕೂಡಲೇ ಬಟ್ಟೆಯನ್ನು ಒಗೆಯಲು ಹಾಕಬೇಡಿ. ಒಗೆಯುವಾಗ ಬೆರಳು ತೂರುವ ತೂತು ಕೈ ತೂರುವಷ್ಟಾಗುತ್ತದೆ. ಮೊದಲು ಸೂಜಿ ನೂಲಿನಿಂದ ನಾಲ್ಕು ಹೊಲಿಗೆ ಹಾಕಿ ಹಿಡಿದಿಡಿ. ಒಗೆದು ಇಸ್ತ್ರಿ ಮಾಡಿದ ಬಳಿಕ ಆ ಹೊಲಿಗೆ ಬಿಚ್ಚಿ ಯಂತ್ರದ ಮುಂದೆ ಕುಳಿತುಕೊಳ್ಳಿ.

ಯಂತ್ರದ ಸೂಜಿಯ ಕೆಳಗೆ ಬಟ್ಟೆಯನ್ನು ಹಿಂದಕ್ಕೆ ಎಳೆಯುವ ಹಲ್ಲುಗಳಿವೆ. ರಫು ಹಾಕುವಾಗ ಬಟ್ಟೆಯನ್ನು ಸರಿಸಬೇಕಾದದ್ದು ಈ ಹಲ್ಲುಗಳಲ್ಲ, ನಿಮ್ಮ ಕೈಗಳು. ಅನೇಕ ಯಂತ್ರಗಳಲ್ಲಿ ಹಲ್ಲುಗಳನ್ನು ಕೆಳಗಿಳಿಸುವ ಗುಂಡಿ ಇರುತ್ತದೆ. ಇಲ್ಲದಿದ್ದರೆ ಹೊಲಿಗೆಯ ಉದ್ದವನ್ನು ಸೊನ್ನೆಗೆ ತನ್ನಿ. ಸೂಜಿಯ ಪಕ್ಕದ ಪಾದವನ್ನು ಕಳಚಿ ತೆಗೆಯಿರಿ. ಪಾದ ಇಲ್ಲದಿದ್ದರೂ ಅದರ ಹಿಡಿಕೆಯನ್ನು ಕೆಳಗಿಳಿಸಲು ಮರೆಯಬೇಡಿ. ಮರೆತರೆ ನೂಲು ಬಿಗಿಯಾಗದೆ ಅಡಿಯಲ್ಲಿ ಗಂಟುಗಂಟಾಗುತ್ತದೆ.

ತೂತಿನ ಸುತ್ತ ನೇತಾಡುವ ಎಳೆಗಳನ್ನಷ್ಟೇ ಕತ್ತರಿಸಿ. ಬಟ್ಟೆಯನ್ನು ಕಸೂತಿಯ ರಿಂಗಿಗೆ ಹಾಕಿ, ಯಂತ್ರದ ಮೇಲೆ ಬಟ್ಟೆ ಚಪ್ಪಟೆಯಾಗಿ ಕೂರುವಂತೆ ಇಡಿ. ತೂತು ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿದ್ದರೆ ಅಡಿಗೆ ಅದೇ ಬಣ್ಣದ ತೆಳು ಹತ್ತಿಬಟ್ಟೆ ಕೊಡಿ. ಹೊಸ ತುಂಡಾದರೆ ಮೊದಲೇ ಒಗೆದಿರಿ, ಇಲ್ಲವಾದರೆ ಮುಂದೆ ಅದು ಕುಗ್ಗಿ ಸುಕ್ಕು ಬರುತ್ತದೆ.

ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಬಾಬಿನ್‌ನ ನೂಲನ್ನು ಮೇಲಕ್ಕೆ ತೆಗೆಯಿರಿ. ಎರಡೂ ನೂಲಿನ ತುದಿ ಹಿಡಿದು ಹೊಲಿಗೆ ಆರಂಭಿಸಿ. ಮೊದಲು ತೂತಿನ ಸುತ್ತ ಒಂದು ಸುತ್ತು. ಆಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಒತ್ತೊತ್ತಾಗಿ ಗೆರೆಗಳು. ಗೆರೆ ತೂತಿನಲ್ಲೇ ನಿಲ್ಲದೆ ಗಟ್ಟಿ ಬಟ್ಟೆಯ ಮೇಲೆ ಅರ್ಧ ಇಂಚು ಹೋಗಲಿ. ಒಂದು ಗೆರೆ ಉದ್ದ, ಒಂದು ಗಿಡ್ಡ ಇರಲಿ. ಎಲ್ಲವೂ ಒಂದೇ ಕಡೆ ಮುಗಿದರೆ ಅಲ್ಲೇ ಮತ್ತೆ ಹರಿಯುತ್ತದೆ. ನಂತರ ರಿಂಗನ್ನು ಅಡ್ಡಕ್ಕೆ ತಿರುಗಿಸಿ, ಆ ಗೆರೆಗಳ ಮೇಲೆ ಅಡ್ಡ ಗೆರೆ ಹಾಕಿ. ಚಾಪೆ ಹೆಣೆದಂತೆ ತೂತು ತುಂಬುತ್ತದೆ.

ಯಂತ್ರ ವೇಗವಾಗಿ ಓಡಲಿ, ಕೈ ನಿಧಾನವಾಗಿ ಸರಿಯಲಿ. ಕೈ ಅವಸರ ಮಾಡಿದರೆ ಸೂಜಿ ಬಾಗಿ ಮುರಿಯುತ್ತದೆ. ಪಾದ ಇಲ್ಲದ್ದರಿಂದ ಬೆರಳುಗಳನ್ನು ಸೂಜಿಯಿಂದ ದೂರ, ರಿಂಗಿನ ಅಂಚಿನಲ್ಲೇ ಇಡಿ. ಮೊದಲ ಪ್ರಯೋಗ ಹಳೆಯ ಬೆಡ್‌ಶೀಟಿನ ಮೇಲಾಗಲಿ, ಮಗಳ ಪೆರ್ನಾಲಿನ ಉಡುಪಿನ ಮೇಲಲ್ಲ.

ಸೂಜಿ ಬಟ್ಟೆಗೆ ತಕ್ಕಂತಿರಲಿ. ತೆಳು ಬಟ್ಟೆಗೆ 11ನೇ ನಂಬರ್, ಸಾಧಾರಣ ಬಟ್ಟೆಗೆ 14, ಜೀನ್ಸ್‌ಗೆ 16. ಬನಿಯನ್, ಟೀ ಶರ್ಟ್‌ಗಳಿಗೆ ಮೊನೆ ದುಂಡಗಿರುವ ಸೂಜಿ ಬೇಕು. ಅವುಗಳನ್ನು ರಿಂಗಿನಲ್ಲಿ ಎಳೆದು ಬಿಗಿಯಬೇಡಿ. ಇಸ್ತ್ರಿ ತಾಗಿ ಕರಗಿದ ಬುರ್ಖಾದಲ್ಲಿ ತೂತಿನ ಅಂಚು ಗಟ್ಟಿಯಾಗಿರುತ್ತದೆ. ಅದನ್ನು ಕತ್ತರಿಸಿ ತೆಗೆದು, ಅಂಚಿನಲ್ಲಿ ಒಳಕ್ಕೆ ಮಡಚಿದ ಬಟ್ಟೆಯಿಂದಲೇ ಒಂದು ತುಂಡು ತೆಗೆದು ತೇಪೆ ಹಾಕುವುದು ಉತ್ತಮ. ಬಣ್ಣ ಅಷ್ಟು ಚೆನ್ನಾಗಿ ಬೇರೆಲ್ಲೂ ಹೊಂದುವುದಿಲ್ಲ.

ಇನ್ನು ಉಳಿದದ್ದು ಮಕ್ಕಳ ಮುಜುಗರ. ಅದಕ್ಕೆ ಯಾವ ಯಂತ್ರದಲ್ಲೂ ಹೊಲಿಗೆಯಿಲ್ಲ, ಮಾತಿನಿಂದಲೇ ಸರಿಪಡಿಸಬೇಕು. ಪ್ರವಾದಿಯವರು(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ತಮ್ಮ ಚಪ್ಪಲಿಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು ಎಂದು ಹ. ಆಇಶಾ(ರ) ತಿಳಿಸಿರುವುದನ್ನು ಅವರಿಗೆ ಹೇಳಿ. ಶುಭ್ರವಾಗಿ ಒಗೆದು, ಅಚ್ಚುಕಟ್ಟಾಗಿ ರಫು ಹಾಕಿದ ಬಟ್ಟೆ ನಾಚಿಕೆಯ ವಸ್ತುವಲ್ಲ. ರಫು ಹಾಕುವಾಗ ಮಗಳನ್ನು ಮಾತ್ರವಲ್ಲ, ಪ್ಯಾಂಟು ಹರಿದುಕೊಂಡು ಬಂದ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ತೂತು ತುಂಬಲು ಎಷ್ಟು ಹೊಲಿಗೆ ಬೇಕೆಂದು ಕಂಡವನು ಮುಂದಿನ ಬಾರಿ ಆಟದ ಮೈದಾನದಲ್ಲಿ ಜಾರುವ ಮೊದಲು ಒಮ್ಮೆಯಾದರೂ ಯೋಚಿಸಿಯಾನು!